ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ, ಎಷ್ಟು ಹೊತ್ತು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಬೇರೆ ಬೇರೆ ಊರು, ಬೇರೆ ಬೇರೆ ವಯಸ್ಸು, ಆದರೆ ಕೇಳಿರುವುದು ಹೆಚ್ಚುಕಮ್ಮಿ ಒಂದೇ. ಮಗ, ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾರೆ, ಅಲ್ಲಿಗೆ ಹೋಗಬೇಕು, ಎಷ್ಟು ದೂರ, ಎಷ್ಟು ಹೊತ್ತು, ಅಷ್ಟು ಹೊತ್ತು ಯಾಕೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ದಾರಿಗೇ ಬಿಟ್ಟಿದ್ದೇನೆ. ಬೇರೆ ಪ್ರಶ್ನೆ ಕಳಿಸಿದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಂಚಿಕೆಯಲ್ಲಿ ಖಂಡಿತ ನೋಡೋಣ.

ಪ್ರಶ್ನೆ: ಮಗಳು ಸನ್ನಿವೇಲ್‌ನಲ್ಲಿದ್ದಾಳೆ. ಒಂದು ಕಡೆ ನೋಡಿದರೆ 14,000 ಕಿಲೋಮೀಟರ್ ಅಂತಿದೆ, ಇನ್ನೊಂದು ಕಡೆ 16,000 ಅಂತಿದೆ. ಟಿಕೆಟ್‌ನಲ್ಲಿ 22 ಗಂಟೆ, ಪಕ್ಕದ ಮನೆಯವರು 17 ಗಂಟೆ ಅಂತಾರೆ. ಯಾವುದನ್ನು ನಂಬುವುದು? (ನಿವೃತ್ತ ಶಿಕ್ಷಕರು, ಹಾಸನ)

ಸರ್, ಎಲ್ಲವೂ ನಿಜ. ಒಬ್ಬೊಬ್ಬರು ಒಂದೊಂದನ್ನು ಅಳೆದಿದ್ದಾರೆ, ಅಷ್ಟೇ.

ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಕ್ಕೆ ಭೂಮಿಯ ಮೈಮೇಲೆ ಅತಿ ಹತ್ತಿರದ ಗೆರೆ ಎಳೆದರೆ ಸುಮಾರು 14,000 ಕಿ.ಮೀ. ಆಗುತ್ತದೆ. ಇದು ಲೆಕ್ಕದ ದೂರ. ಯಾವ ವಿಮಾನವೂ ಆ ಗೆರೆಯ ಮೇಲೇ ಹಾರುವುದಿಲ್ಲ. ಗಾಳಿ ನೋಡಬೇಕು, ಪರ್ವತ ನೋಡಬೇಕು, ಯಾವ ದೇಶದ ಆಕಾಶ ತೆರೆದಿದೆ, ಯಾವುದು ಮುಚ್ಚಿದೆ ಅಂತ ನೋಡಬೇಕು. ಅದಕ್ಕೇ ನಿಜವಾಗಿ ಹಾರುವ ದೂರ 15,000, ಕೆಲವೊಮ್ಮೆ 16,000ಕ್ಕೂ ಹೋಗುತ್ತದೆ. ಪಕ್ಕದ ಮನೆಯವರ 17 ಗಂಟೆ ಎಲ್ಲೂ ನಿಲ್ಲದ ನೇರ ವಿಮಾನದ್ದು. ನಿಮ್ಮ ಟಿಕೆಟ್‌ನ 22 ಗಂಟೆ ನಡುವೆ ಒಂದು ಕಡೆ ಇಳಿದು ಹತ್ತುವ ಪ್ರಯಾಣದ್ದು.

ಒಂದು ಕಡೆ ಇಳಿದು ಹೋಗುವ ದಾರಿಗಳಲ್ಲೂ ವ್ಯತ್ಯಾಸ ಇದೆ. ದುಬೈ ಮೇಲೆ ಹೋದರೆ ಬೆಂಗಳೂರಿಂದ ದುಬೈ 2,700, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ 13,000, ಒಟ್ಟು 15,700 ಕಿ.ಮೀ. ಆಸುಪಾಸು. ಫ್ರಾಂಕ್‌ಫರ್ಟ್ ಮೇಲೆ ಹೋದರೆ 7,400 ಮತ್ತು 9,150, ಅಂದರೆ ಒಟ್ಟು 16,500ರ ಮೇಲೆ. ದುಬೈ ದಾರಿ ಹತ್ತಿರ ಅಂತ ಅನ್ನಿಸುತ್ತೆ ಅಲ್ವಾ? ಆದರೆ ಅಲ್ಲಿ ಮೊದಲ ಹಾರಾಟ ನಾಲ್ಕು ಗಂಟೆ, ಎರಡನೆಯದು ಹದಿನಾರು ಗಂಟೆ. ಫ್ರಾಂಕ್‌ಫರ್ಟ್ ದಾರಿಯಲ್ಲಿ ಹತ್ತು, ಹನ್ನೊಂದು ಗಂಟೆಯ ಎರಡು ತುಂಡು. ಬೆನ್ನು ನೋವು, ಮಂಡಿ ನೋವು ಇರುವವರಿಗೆ ಎಂಟುನೂರು ಕಿಲೋಮೀಟರ್ ಉಳಿಸುವುದಕ್ಕಿಂತ ಪ್ರಯಾಣ ಸಮಭಾಗ ಆಗುವುದೇ ಒಳ್ಳೆಯದು. ಇದು ನನ್ನ ಅಭಿಪ್ರಾಯ. ಎರಡೂ ರೀತಿ ಹೋಗಿ ಬಂದ ಮೇಲೆ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಟಿಕೆಟ್ ನೋಡಿ ಲೆಕ್ಕ ಹಾಕಬೇಡಿ ಸರ್, ಮನೆಯ ಬಾಗಿಲಿನಿಂದ ಲೆಕ್ಕ ಹಾಕಿ. ಹಾಸನದಿಂದ ದೇವನಹಳ್ಳಿಗೆ ಕಾರಿನಲ್ಲಿ ನಾಲ್ಕು ಗಂಟೆಯಾದರೂ ಬೇಕು. ನಿಲ್ದಾಣದಲ್ಲಿ ಮೂರು ಗಂಟೆ ಮುಂಚೆ ಇರಬೇಕು. ಆಮೇಲೆ ಆ 22 ಗಂಟೆ. ಅಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಸಾಲು, ಲಗೇಜ್, ಇದಕ್ಕೊಂದು ಒಂದೂವರೆ ಗಂಟೆ. ಸನ್ನಿವೇಲ್‌ಗೆ ಕಾರಿನಲ್ಲಿ ಇನ್ನೊಂದು ಗಂಟೆ. ಕೂಡಿಸಿ ನೋಡಿ, 31, 32 ಗಂಟೆ ಆಗುತ್ತದೆ. ಯಾರಾದರೂ ಮೊದಲೇ ಇದನ್ನು ಹೇಳಿದ್ದರೆ ಮೈಮನಸ್ಸು ಅದಕ್ಕೆ ತಯಾರಾಗುತ್ತದೆ. ಹೇಳದೇ ಇದ್ದರೆ 22ನೇ ಗಂಟೆಗೆ "ಇನ್ನೂ ಮುಗಿದಿಲ್ವಾ" ಅಂತ ಜೀವ ಕುಸಿಯುತ್ತದೆ.

ಪ್ರಶ್ನೆ: ಭೂಪಟದಲ್ಲಿ ಅಮೆರಿಕ ಎಡಗಡೆ ಇದೆ. ನೇರ ವಿಮಾನ ಮಾತ್ರ ಉತ್ತರಕ್ಕೆ, ಹಿಮದ ಕಡೆಗೆ ಹೋಗುತ್ತದೆ ಅಂತ ಓದಿದೆ. ಸುತ್ತು ಹಾಕಿ ಯಾಕೆ ಹೋಗಬೇಕು? (ಬಟ್ಟೆ ಅಂಗಡಿ ಮಾಲೀಕರು, ಗದಗ)

ಸುತ್ತು ಅಲ್ಲ, ಅದೇ ಒಳದಾರಿ. ಗೋಡೆಗೆ ನೇತುಹಾಕುವ ಭೂಪಟ ನಮ್ಮ ಕಣ್ಣಿಗೆ ಮೋಸ ಮಾಡುತ್ತದೆ. ಉರುಟಾದ ಭೂಮಿಯನ್ನು ಚಪ್ಪಟೆ ಹಾಳೆಗೆ ತರುವಾಗ ಎಲ್ಲಾದರೂ ಹಿಗ್ಗಲೇಬೇಕು, ಎಲ್ಲಾದರೂ ಕುಗ್ಗಲೇಬೇಕು. ನಮಗೆ ಪರಿಚಯ ಇರುವ ಚೌಕಟ್ಟಿನ ಭೂಪಟ 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ಮಾಡಿದ ಪದ್ಧತಿಯದು. ಹಡಗಿನವರಿಗೆ ದಿಕ್ಕು ಹಿಡಿಯಲು ಅದು ಬಹಳ ಉಪಯೋಗ. ಆದರೆ ಧ್ರುವದ ಕಡೆ ಹೋದಷ್ಟೂ ಅದರಲ್ಲಿ ನೆಲ ಉಬ್ಬಿ ಕಾಣುತ್ತದೆ.

ನೀವು ಬಟ್ಟೆ ವ್ಯಾಪಾರದವರು, ದಾರದ ವಿಷಯ ನಿಮಗೆ ಹೇಳಬೇಕಾಗಿಲ್ಲ. ಒಂದು ಶಾಲೆಯ ಗ್ಲೋಬ್ ತೆಗೆದುಕೊಳ್ಳಿ. ಒಂದು ತುಂಡು ಹೊಲಿಗೆ ದಾರ ತನ್ನಿ. ದಾರದ ಒಂದು ತುದಿಯನ್ನು ಹೆಬ್ಬೆರಳಿನಿಂದ ಬೆಂಗಳೂರಿನ ಮೇಲೆ ಒತ್ತಿ ಹಿಡಿಯಿರಿ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲಿಟ್ಟು ಸಡಿಲ ಇಲ್ಲದ ಹಾಗೆ ಎಳೆಯಿರಿ. ಮೊದಲು ನೀವು ಬಹುಶಃ ಅರಬ್ಬೀ ಸಮುದ್ರದ ಮೇಲೆ, ಯುರೋಪಿನ ಮೇಲೆ ಹಿಡಿಯುತ್ತೀರಿ. ಎಳೆದ ಹಾಗೆಲ್ಲ ದಾರ ಜಾರಿ ಜಾರಿ ಮೇಲೆ ಹೋಗುತ್ತದೆ, ಕೊನೆಗೆ ಪೂರ್ವದ ಮಗ್ಗುಲಿಗೆ ಬಂದು ಬಿಗಿಯಾಗಿ ಕೂರುತ್ತದೆ. ಈಗ ದಾರದ ಕೆಳಗೆ ಏನೇನಿದೆ ಓದಿ: ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮದ ಅಂಚು, ಸೈಬೀರಿಯಾ, ಆರ್ಕ್‌ಟಿಕ್ ಸಾಗರದ ಅಂಚು, ಅಲಾಸ್ಕಾ, ಆಮೇಲೆ ಕೆನಡಾದ ಪಕ್ಕದ ಸಮುದ್ರದ ಮೇಲಿಂದ ಕೆಳಗೆ ಕ್ಯಾಲಿಫೋರ್ನಿಯಾ. ನಮ್ಮ ಅಕ್ಕನ ಮೊಮ್ಮಗನ ಜೊತೆ ಕೂತು ಇದನ್ನು ಮಾಡಿದಾಗ ಅವನು ದಾರ ಬಿಟ್ಟು ಬಿಟ್ಟು ಏಳೆಂಟು ಸಲ ಎಳೆದ. ಪ್ರತಿ ಸಲವೂ ದಾರ ಅಲ್ಲಿಗೇ ಬಂದು ನಿಂತಿತು.

ಕಾರಣ ಸರಳ. ಪೂರ್ವ-ಪಶ್ಚಿಮದ ಲೆಕ್ಕದಲ್ಲಿ ನಮ್ಮ ಊರಿಗೂ ಆ ಊರಿಗೂ ನಡುವೆ ಭೂಮಿಯ ಅರ್ಧ ಸುತ್ತಿಗೆ ಸ್ವಲ್ಪವೇ ಕಡಿಮೆ. ಹಣ್ಣಿನ ಈ ಮಗ್ಗುಲಿನಲ್ಲಿರುವ ಇರುವೆ ಆ ಮಗ್ಗುಲಿಗೆ ಹೋಗಬೇಕಾದರೆ ಹೊಟ್ಟೆಯ ಸುತ್ತ ಬಳಸುವುದಕ್ಕಿಂತ ತೊಟ್ಟಿನ ಹತ್ತಿರ ದಾಟುವುದೇ ಹತ್ತಿರ, ಅಲ್ವಾ?

ಆದರೂ ವಿಮಾನ ದಾರದ ದಾರಿಯನ್ನೇ ಹಿಡಿಯುವುದಿಲ್ಲ ಅಂದೆ. ಟಿಬೆಟ್ ಒಂದು ದೊಡ್ಡ ಅಡ್ಡಿ. ವಿಮಾನದೊಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದ ಹಾಗೆ ಹೋದರೆ ಪೈಲಟ್ ತಕ್ಷಣ ಸುಮಾರು 10,000 ಅಡಿಗೆ ಇಳಿಸಬೇಕು, ಅಂದರೆ ಮೂರು ಕಿಲೋಮೀಟರ್ ಎತ್ತರಕ್ಕೆ. ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಮೇಲಿಂದ ಬೀಳುವ ಮಾಸ್ಕ್‌ನಲ್ಲಿ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷಕ್ಕೆ ಸಾಲುವಷ್ಟೇ ಆಮ್ಲಜನಕ ಇರುತ್ತದೆ. ಟಿಬೆಟ್‌ನಲ್ಲಿ ನೆಲವೇ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ. ಇಳಿಯುವುದೆಲ್ಲಿಗೆ? ಅದಕ್ಕೇ ಹೆಚ್ಚಿನ ವಿಮಾನಗಳು ಆ ಪ್ರಸ್ಥಭೂಮಿಯನ್ನು ಬಳಸಿಕೊಂಡು ಹೋಗುತ್ತವೆ.

ಉತ್ತರ ಧ್ರುವದ ಮಾತು ನೀವು ಓದಿದ್ದು 2021ರ ಸುದ್ದಿ ಇರಬೇಕು. ಆ ವರ್ಷ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಮೊದಲ ಸಲ ಸ್ಯಾನ್ ಫ್ರಾನ್ಸಿಸ್ಕೋದಿಂದ ಎಲ್ಲೂ ನಿಲ್ಲದೆ ಬೆಂಗಳೂರಿಗೆ ಬಂತು, ಅದೂ ಉತ್ತರ ಧ್ರುವದ ಮೇಲಿಂದ. ಪೈಲಟ್‌ಗಳು ನಾಲ್ವರೂ ಹೆಣ್ಣುಮಕ್ಕಳು, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವ. ಅಲ್ಲಿ 9ನೇ ತಾರೀಖು ರಾತ್ರಿ ಹೊರಟವರು ಇಲ್ಲಿ 11ನೇ ತಾರೀಖು ಬೆಳಗಿನ ಜಾವ ಇಳಿದರು. ಹಾರಿದ್ದು ಸುಮಾರು 17 ಗಂಟೆ. ಆ ದಿನ ಬೆಳಗ್ಗೆ ಟೀವಿಯಲ್ಲಿ ಆ ನಾಲ್ವರು ಬೆಂಗಳೂರಿನ ನಿಲ್ದಾಣದಿಂದ ಆಚೆ ನಡೆದು ಬರುತ್ತಿದ್ದುದನ್ನು ನೋಡುತ್ತಾ ನನಗೆ ಕಣ್ಣು ತುಂಬಿ ಬಂದಿತ್ತು. ಆ ದಾರಿಯಲ್ಲಿ ಚಳಿಯದೇ ಒಂದು ಲೆಕ್ಕ ಇದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬುವ ವಿಮಾನದ ಇಂಧನ ಮೈನಸ್ 40 ಡಿಗ್ರಿಗೆ ಹೆಪ್ಪುಗಟ್ಟಲು ಶುರುವಾಗುತ್ತದೆ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರುತ್ತದೆ. ಪೈಲಟ್‌ಗಳು ರೆಕ್ಕೆಯೊಳಗಿನ ಇಂಧನದ ಉಷ್ಣತೆಯನ್ನು ನೋಡುತ್ತಲೇ ಇರಬೇಕು. ತೀರಾ ಇಳಿಯಿತು ಅನ್ನಿಸಿದರೆ ಸ್ವಲ್ಪ ಬೆಚ್ಚಗಿರುವ ಗಾಳಿಯ ಎತ್ತರಕ್ಕೆ ಇಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ.

ಆ ನೇರ ವಿಮಾನ ಆಮೇಲೆ ನಿಂತೂ ಇದೆ, ಮತ್ತೆ ಶುರುವಾಗಿಯೂ ಇದೆ. ಹೋದ ವರ್ಷ ಯಾರೋ ಹೋಗಿದ್ದರು ಅಂತ ನಂಬಿ ಕೂರಬೇಡಿ. ಟಿಕೆಟ್ ತೆಗೆಯುವ ವಾರವೇ ವಿಚಾರಿಸಿ.

ಪ್ರಶ್ನೆ: ಹೋಗುವಾಗ ಒಂದು ಹೊತ್ತು, ಬರುವಾಗ ಇನ್ನೊಂದು ಹೊತ್ತು ಯಾಕೆ? ದಾರಿ ಅದೇ ತಾನೇ? (ಪಿಯು ವಿದ್ಯಾರ್ಥಿನಿ, ತುಮಕೂರು)

ಗಾಳಿ ಕಣಮ್ಮ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಗಳು ಹರಿಯುತ್ತವೆ. ಜೆಟ್ ಸ್ಟ್ರೀಮ್ ಅಂತಾರೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200, 300 ಕಿಲೋಮೀಟರ್ ದಾಟುತ್ತದೆ. ವಿಮಾನ ತನ್ನ ಶಕ್ತಿಯಿಂದ ಗಂಟೆಗೆ 900 ಕಿಲೋಮೀಟರ್ ಹೋಗುತ್ತದೆ ಅಂದುಕೋ. ಹಿಂದಿನಿಂದ 150 ಗಾಳಿ ತಳ್ಳಿದರೆ ನೆಲದ ಲೆಕ್ಕದಲ್ಲಿ 1,050. ಎದುರಿಗೆ ಸಿಕ್ಕರೆ 750. ಹದಿನೈದು ಸಾವಿರ ಕಿಲೋಮೀಟರ್ ದಾರಿಯಲ್ಲಿ ಇದು ಗಂಟೆಗಟ್ಟಲೆ ವ್ಯತ್ಯಾಸ.

2020ರ ಫೆಬ್ರವರಿಯಲ್ಲಿ ಬಿರುಗಾಳಿಯೊಂದು ಅಟ್ಲಾಂಟಿಕ್ ಮೇಲೆ ಬೀಸುತ್ತಿದ್ದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು ಜಂಬೋ ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದುಬಿಟ್ಟಿತ್ತು. ಮಾಮೂಲಿಯಾಗಿ ಆರೂವರೆ, ಏಳು ಗಂಟೆಯ ದಾರಿ ಅದು. ನಮ್ಮ ದಾರಿಯಲ್ಲಿ ಈ ಗಾಳಿ ಸಿಗಲಿ ಅಂತಲೇ ಎಷ್ಟೋ ಸಲ ಬೆಂಗಳೂರಿಂದ ಹೋಗುವ ನೇರ ವಿಮಾನ ಪೂರ್ವಕ್ಕೆ ತಿರುಗಿ ಪೆಸಿಫಿಕ್ ಸಾಗರ ದಾಟುತ್ತದೆ. ಕಿಲೋಮೀಟರ್ ಜಾಸ್ತಿ, ಹೊತ್ತು ಕಡಿಮೆ. ಅಂಬಿಗ ಪ್ರವಾಹ ನೋಡಿಕೊಂಡು ದೋಣಿ ಬಿಡುವ ಹಾಗೆ.

ಪ್ರಶ್ನೆ: ಭೂಮಿ ತಿರುಗುತ್ತೆ ಅಲ್ವಾ? ಹಾಗಾದ್ರೆ ಹೆಲಿಕಾಪ್ಟರ್‌ನಲ್ಲಿ ಮೇಲೆ ಹೋಗಿ ಸುಮ್ನೆ ನಿಂತ್ರೆ ಕೆಳಗೆ ಅಮೆರಿಕ ಬರಬೇಕಲ್ಲ? (ಏಳನೇ ತರಗತಿ, ಶಿರಸಿ)

ಒಳ್ಳೆಯ ಪ್ರಶ್ನೆ ಪುಟ್ಟ, ಇದನ್ನು ಕೇಳಲು ನಾಚಿಕೊಳ್ಳುವ ದೊಡ್ಡವರು ಬಹಳ ಜನ ಇದ್ದಾರೆ. ಬಸ್ಸು ಓಡುತ್ತಿರುವಾಗ ಕಿಟಕಿ ಪಕ್ಕ ಕೂತು ಒಂದು ನಾಣ್ಯವನ್ನು ನೇರವಾಗಿ ಮೇಲೆ ಚಿಮ್ಮು. ಅದು ಹಿಂದಿನ ಸೀಟಿನವರ ತಲೆಗೆ ಬೀಳುತ್ತಾ? ಇಲ್ಲ, ನಿನ್ನ ಕೈಗೇ ಬರುತ್ತದೆ. ನಾಣ್ಯವೂ ಬಸ್ಸಿನ ವೇಗದಲ್ಲೇ ಹೋಗುತ್ತಿತ್ತು. ಹಾಗೆಯೇ ಭೂಮಿ ತಿರುಗುವಾಗ ಗಾಳಿಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಹೆಲಿಕಾಪ್ಟರ್ ಆ ಗಾಳಿಯೊಳಗೇ ಇದೆ. ಬೆಂಗಳೂರಿನ ನೆಲ ಗಂಟೆಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಗಾಳಿ ಮಾತ್ರ ನಿಂತಿದ್ದರೆ ನಮ್ಮ ಮನೆ, ಮರ, ಬೆಟ್ಟ ಒಂದೂ ಉಳಿಯುತ್ತಿರಲಿಲ್ಲ.

ಪ್ರಶ್ನೆ: ಮಧ್ಯಾಹ್ನ ಎರಡಕ್ಕೆ ಹೊರಟ ತಂಗಿ ಅದೇ ದಿನ ಸಂಜೆ ನಾಲ್ಕೂವರೆಗೆ ತಲುಪಿದಳಂತೆ. ಬರುವಾಗ ಶನಿವಾರ ಹೊರಟರೆ ಸೋಮವಾರ ಬರುತ್ತಾಳಂತೆ. ತಲೆ ಕೆಟ್ಟುಹೋಯಿತು. (ಗೃಹಿಣಿ, ಮಂಗಳೂರು)

ಟಿಕೆಟ್‌ನಲ್ಲಿ ಹೊರಡುವ ಹೊತ್ತು ಇಲ್ಲಿಯ ಗಡಿಯಾರದ್ದು, ತಲುಪುವ ಹೊತ್ತು ಅಲ್ಲಿಯ ಗಡಿಯಾರದ್ದು. ತಲೆ ಕೆಡುವುದು ಅದಕ್ಕೇ. ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್ ಮೊದಲ ಭಾನುವಾರ ವಾಪಸ್ಸು ತರುತ್ತಾರೆ. ಆ ನಡುವಿನ ತಿಂಗಳುಗಳಲ್ಲಿ ವ್ಯತ್ಯಾಸ ಹನ್ನೆರಡೂವರೆ ಗಂಟೆ.

ನಿಮ್ಮ ತಂಗಿ ಚಳಿಗಾಲದಲ್ಲಿ ಹೋಗಿದ್ದರೆ, ಮಧ್ಯಾಹ್ನ ಎರಡಕ್ಕೆ ಹದಿನಾರು ಗಂಟೆ ಕೂಡಿಸಿ, ನಮ್ಮ ಲೆಕ್ಕದಲ್ಲಿ ಮರುದಿನ ಬೆಳಗ್ಗೆ ಆರು. ಅದರಿಂದ ಹದಿಮೂರೂವರೆ ಕಳೆದರೆ ಹಿಂದಿನ ದಿನ ಸಂಜೆ ನಾಲ್ಕೂವರೆ. ಸರಿ ಹೋಯ್ತಲ್ಲ. ಬರುವಾಗ ಶನಿವಾರ ರಾತ್ರಿ ಎಂಟೂವರೆಗೆ ಹೊರಟು ಹದಿನೇಳು ಗಂಟೆ ಹಾರಿದರೆ ಅಲ್ಲಿಯ ಭಾನುವಾರ ಮಧ್ಯಾಹ್ನ ಒಂದೂವರೆ, ಇಲ್ಲಿ ಆಗಲೇ ಸೋಮವಾರ ಬೆಳಗಿನ ಜಾವ ಮೂರು. ಅವಳ ಭಾನುವಾರ ಪೂರ್ತಿ ಆಕಾಶದಲ್ಲೇ ಕಳೆದಿರುತ್ತದೆ. ಬೆಳಗಿನ ಮಾತ್ರೆ, ರಾತ್ರಿಯ ಮಾತ್ರೆ ಅಂತ ತೆಗೆದುಕೊಳ್ಳುವವರು, ಉಪವಾಸ ವ್ರತ ಮಾಡುವವರು ಇದನ್ನು ಮುಂಚೆಯೇ ಯೋಚಿಸಿಕೊಳ್ಳಬೇಕು.

ಪ್ರಶ್ನೆ: ಮುಂಚೆಗಿಂತ ಈಗ ಪ್ರಯಾಣದ ಹೊತ್ತು ಹೆಚ್ಚಾಗಿದೆಯಂತೆ, ನಿಜವೇ? (ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಕೆಲವು ದಾರಿಗಳಲ್ಲಿ ನಿಜ. ವಿಮಾನಗಳ ವೇಗ ಕಡಿಮೆಯಾಗಿಲ್ಲ, ಆಕಾಶ ಮುಚ್ಚಿದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಮೇಲೆ ಅಮೆರಿಕದ, ಯುರೋಪಿನ ಹೆಚ್ಚಿನ ದೇಶಗಳ ವಿಮಾನಗಳು ಹಾರುವಂತಿಲ್ಲ. ಭಾರತದ ವಿಮಾನಗಳಿಗೆ ಆ ನಿರ್ಬಂಧ ಬರಲಿಲ್ಲ. ಆದರೆ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರಿಗೆ ಅದರ ಪೆಟ್ಟು ಜಾಸ್ತಿ ಬಿತ್ತು.

ದೂರ ಹೆಚ್ಚಾದರೆ ಹೊತ್ತು ಮಾತ್ರ ಅಲ್ಲ, ಭಾರವೂ ಹೆಚ್ಚುತ್ತದೆ. ಆ ಧ್ರುವದ ದಾರಿ ಹಾರಿದ ಬೋಯಿಂಗ್ 777-200ಎಲ್‌ಆರ್ ವಿಮಾನದ ಟ್ಯಾಂಕ್‌ಗಳಲ್ಲಿ 1 ಲಕ್ಷ 80 ಸಾವಿರ ಲೀಟರ್ ಇಂಧನ ಹಿಡಿಯುತ್ತದೆ. ತೂಕ ಸುಮಾರು 145 ಟನ್. ಮೇಲೇಳುವಾಗ ಆ ವಿಮಾನದ ಒಟ್ಟು ತೂಕದ ಮಿತಿಯೇ 347 ಟನ್ ಆಸುಪಾಸು. ಅಂದರೆ ಹೊರಡುವಾಗ ನೂರರಲ್ಲಿ ನಲವತ್ತು ಪಾಲು ಬರೀ ಇಂಧನ, ಮತ್ತು ಕೊನೆಯ ಗಂಟೆಗೆ ಬೇಕಾದ ಇಂಧನವನ್ನು ಮೊದಲ ಗಂಟೆಯಿಂದಲೂ ಹೊತ್ತುಕೊಂಡೇ ಹೋಗಬೇಕು, ಆ ಹೊರೆ ಹೊರಲಿಕ್ಕೂ ಇಂಧನ ಉರಿಯಬೇಕು. ದಾರಿ ಒಂದು ಗಂಟೆ ಬೆಳೆದರೆ ಜನರನ್ನೋ ಸಾಮಾನನ್ನೋ ಕಡಿಮೆ ಮಾಡಬೇಕಾಗುತ್ತದೆ. ಟಿಕೆಟ್ ದರ ಏರುವುದರ ಹಿಂದೆ ಇದೂ ಒಂದು ಕಾರಣ.

ಇನ್ನು, ಯಾರೂ ಇಲ್ಲದ ಜಾಗಗಳ ಮೇಲೆ ಹಾರುವುದು ಅಂದರೆ ಏನು ಅಂತ 2023ರ ಜೂನ್‌ನಲ್ಲಿ ಗೊತ್ತಾಯಿತು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್ ಊರಿನಲ್ಲಿ ಇಳಿಯಿತು. 216 ಪ್ರಯಾಣಿಕರು. ಅಷ್ಟು ಜನಕ್ಕೆ ಅಲ್ಲಿ ಹೋಟೆಲ್ ಇಲ್ಲ, ಶಾಲೆ, ಹಾಸ್ಟೆಲ್‌ಗಳಲ್ಲಿ ಮಲಗಿಸಿದರು. ಇನ್ನೊಂದು ವಿಮಾನ ಬಂದು ಅವರನ್ನು ಕರೆದುಕೊಂಡು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಈ ಸುದ್ದಿ ಓದಿದ ಮೇಲೆ ನಾನು ಎಷ್ಟೇ ನೇರ ವಿಮಾನವಾದರೂ ಎರಡು ದಿನದ ಮಾತ್ರೆ, ಒಂದು ಜೊತೆ ಬಟ್ಟೆ, ಒಂದು ಶಾಲು ಕೈಚೀಲದಲ್ಲೇ ಇಟ್ಟುಕೊಳ್ಳುತ್ತೇನೆ.

ಪ್ರಶ್ನೆ: ಅಮ್ಮನಿಗೆ 68 ವರ್ಷ. ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತಗೋತಾರೆ. ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ಲ. ತಮ್ಮನ ಹೆಂಡತಿಗೆ ಹೆರಿಗೆ, ಒಬ್ಬರೇ ಹೋಗಬೇಕು. ಇಷ್ಟು ದೂರ ಕಳಿಸಬಹುದಾ? (ಶಾಲಾ ಶಿಕ್ಷಕಿ, ದಾವಣಗೆರೆ)

ನಿಮ್ಮ ಪತ್ರವನ್ನು ಎರಡು ಸಲ ಓದಿದೆ ಅಮ್ಮ. ಕಳಿಸಬಹುದು. ಡಾಕ್ಟರು ಒಪ್ಪಿದರೆ ಧೈರ್ಯವಾಗಿ ಕಳಿಸಿ. ಬೆಂಗಳೂರಿನ ನಿಲ್ದಾಣದಲ್ಲಿ ಮಧ್ಯರಾತ್ರಿ ಹೊತ್ತಿಗೆ ಹೋಗಿ ನೋಡಿದರೆ ನಿಮ್ಮ ಅಮ್ಮನಂಥ ಎಷ್ಟೋ ಜನ ಕಾಣುತ್ತಾರೆ. ರೇಷ್ಮೆ ಸೀರೆ, ಕಾಲಿಗೆ ಹೊಸ ಶೂ, ಮಡಿಲಲ್ಲಿ ಪಾಸ್‌ಪೋರ್ಟ್ ಚೀಲ. ಹೋಗಿ ಬರುತ್ತಾರೆ, ಬಾಣಂತನ ಮಾಡಿ ಬರುತ್ತಾರೆ.

ನೇರ ವಿಮಾನ ಇರುವ ಕಾಲದಲ್ಲಾದರೆ ಎರಡು ಯೋಚನೆ ಬೇಡ, ದುಡ್ಡು ಸ್ವಲ್ಪ ಜಾಸ್ತಿ ಆದರೂ ಅದನ್ನೇ ತೆಗೆಯಿರಿ. ಇಲ್ಲ ಅಂದರೆ ಒಂದೇ ಕಡೆ ಇಳಿಯುವ ದಾರಿ, ಮತ್ತು ಅಮೆರಿಕದಲ್ಲಿ ಮೊದಲು ಇಳಿಯುವ ಊರೇ ಸ್ಯಾನ್ ಫ್ರಾನ್ಸಿಸ್ಕೋ ಆಗಿರಬೇಕು. ಇದು ಬಹಳ ಮುಖ್ಯ. ಅಗ್ಗ ಅಂತ ನ್ಯೂಯಾರ್ಕ್, ಷಿಕಾಗೋ ಮೇಲೆ ಹೋಗುವ ಟಿಕೆಟ್ ತೆಗೆದರೆ ಅಲ್ಲೇ ಇಮಿಗ್ರೇಷನ್ ಆಗಬೇಕು, ಅಲ್ಲೇ ಪೆಟ್ಟಿಗೆ ಎತ್ತಿಕೊಂಡು ಮತ್ತೆ ಒಪ್ಪಿಸಬೇಕು, ಆಮೇಲೆ ಇನ್ನೊಂದು ವಿಮಾನ ಹುಡುಕಬೇಕು. ಮೊದಲ ಸಲ ಹೋಗುವವರಿಗೆ ಇದು ಬೇಡ. ಯುರೋಪಿನ ಮೇಲೆ ಹೋಗುವುದಾದರೆ ನಡುವಿನ ದೇಶದ ವೀಸಾ ನಿಯಮ ಏನಿದೆ ಅಂತ ಮೊದಲೇ ಕೇಳಿ.

ನಡುವೆ ಮೂರು ಗಂಟೆಗಿಂತ ಕಡಿಮೆ ಬಿಡುವು ಇರುವ ಟಿಕೆಟ್ ತೆಗೆಯಲೇಬೇಡಿ. ಇದನ್ನು ನಾನು ಅನುಭವಿಸಿದ್ದೇನೆ. ಒಂದು ಸಲ ಅವಸರದಲ್ಲಿ ಒಂದು ಗಂಟೆ ಹತ್ತು ನಿಮಿಷ ಬಿಡುವಿನ ಟಿಕೆಟ್ ತೆಗೆದೆ. ಮೊದಲ ವಿಮಾನ ಬೆಂಗಳೂರಿನಲ್ಲೇ ನಲವತ್ತು ನಿಮಿಷ ತಡ. ಅಲ್ಲಿ ಇಳಿದು ಓಡುತ್ತಾ ಗೇಟ್ ತಲುಪುವಾಗ ಬಾಗಿಲು ಹಾಕಿಯಾಗಿತ್ತು. ಗಾಜಿನಾಚೆ ವಿಮಾನ ಇನ್ನೂ ನಿಂತೇ ಇತ್ತು, ರೆಕ್ಕೆಯ ತುದಿಯ ದೀಪ ಮಿನುಗುತ್ತಿತ್ತು. ಹದಿನಾಲ್ಕು ಗಂಟೆ ಕುರ್ಚಿಯಲ್ಲಿ ಕೂತೆ. ನನಗೆ ಮಾತಾಡಲು ಬರುತ್ತಿತ್ತು, ಕೇಳಿ ತಿಂಡಿ ಟೋಕನ್ ತೆಗೆದುಕೊಂಡೆ. ಪಕ್ಕದಲ್ಲಿ ವಯಸ್ಸಾದ ಒಬ್ಬ ಹೆಂಗಸು ಯಾರನ್ನೂ ಕೇಳಲಾಗದೆ ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದರು. ಅವರ ಮುಖ ಇವತ್ತಿಗೂ ಮರೆತಿಲ್ಲ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಟಿಕೆಟ್ ಜೊತೆಗೇ ವೀಲ್‌ಚೇರ್ ಕೇಳಿ. ನಡೆಯಲು ಕಷ್ಟ ಇರುವವರಿಗೆ ಅದು ಉಚಿತ. ಎರಡು ದಿನ ಮುಂಚೆ ಇನ್ನೊಂದು ಸಲ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ದೊಡ್ಡ ನಿಲ್ದಾಣಗಳಲ್ಲಿ ಒಂದು ಗೇಟಿಂದ ಇನ್ನೊಂದಕ್ಕೆ ಕಿಲೋಮೀಟರ್‌ಗಟ್ಟಲೆ ನಡೆಯಬೇಕಾಗುತ್ತದೆ, ಸಕ್ಕರೆ ಕಾಯಿಲೆಯ ಕಾಲಿಗೆ ಅದು ಒಳ್ಳೆಯದಲ್ಲ. ವೀಲ್‌ಚೇರ್ ತಳ್ಳುವವರೇ ಸಾಲು ದಾಟಿಸಿ ಗೇಟಿಗೆ ಬಿಡುತ್ತಾರೆ.

ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಕೆಳಗಿನ ಲಗೇಜ್‌ಗೆ ಹಾಕಿದರೆ ಚಳಿಗೆ ಹೆಪ್ಪುಗಟ್ಟಿ ಹಾಳಾಗಬಹುದು, ಪೆಟ್ಟಿಗೆ ತಡವಾಗಿ ಬರಲೂಬಹುದು. ಡಾಕ್ಟರ ಚೀಟಿ ಇಂಗ್ಲಿಷ್‌ನಲ್ಲಿ ಬರೆಸಿ ಜೊತೆಗಿಡಿ. ಹನ್ನೆರಡು ಹದಿಮೂರು ಗಂಟೆ ಗಡಿಯಾರ ಬದಲಾದಾಗ ಯಾವ ಡೋಸ್ ಯಾವಾಗ ಅಂತ ನೀವಾಗಿ ತೀರ್ಮಾನ ಮಾಡಬೇಡಿ, ಡಾಕ್ಟರ ಹತ್ತಿರವೇ ಬರೆಸಿಕೊಳ್ಳಿ. ಅಮ್ಮನ ಕೈಯಲ್ಲಿ ಭಾರತದ ಹೊತ್ತಿನ ಒಂದು ಹಳೇ ವಾಚ್ ಇರಲಿ, ದಾರಿಯುದ್ದಕ್ಕೂ ಅದನ್ನು ಬದಲಾಯಿಸುವುದು ಬೇಡ. ಚೀಲದಲ್ಲಿ ಬಿಸ್ಕತ್ತು, ಒಂದಿಷ್ಟು ಚಪಾತಿ, ಸಕ್ಕರೆ ತುಂಡು ಇರಲಿ. ಅವರು ಊಟ ಕೊಡುವ ಹೊತ್ತು ಅಮ್ಮನ ಊಟದ ಹೊತ್ತಾಗಿರುವುದಿಲ್ಲ.

ಸೀಟು ನಡೆದಾಡುವ ದಾರಿಯ ಪಕ್ಕದ್ದು ತೆಗೆಯಿರಿ. ಗಂಟೆ, ಒಂದೂವರೆ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲಿ. ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಲಿ. ಇಷ್ಟು ಹೊತ್ತು ಕಾಲು ಇಳಿಬಿಟ್ಟು ಕೂತರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಬಾತ್ರೂಮಿಗೆ ಏಳಬೇಕಾಗುತ್ತೆ ಅಂತ ನಮ್ಮ ಹೆಂಗಸರು ನೀರೇ ಕುಡಿಯುವುದಿಲ್ಲ. ಹಾಗೆ ಮಾಡಬೇಡಿ ಅಂತ ನೀವೇ ಒತ್ತಿ ಹೇಳಿ ಕಳಿಸಿ.

ಕೊನೆಯದು ಭಾಷೆ. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಇಂಗ್ಲಿಷ್‌ನಲ್ಲಿ ಬರೆಯಿರಿ: ನನಗೆ ಕನ್ನಡ ಮಾತ್ರ ಬರುತ್ತದೆ, ನನ್ನ ಮುಂದಿನ ವಿಮಾನ ಇಂಥದ್ದು, ನನಗೆ ಸಕ್ಕರೆ ಕಾಯಿಲೆ ಇದೆ, ದಯವಿಟ್ಟು ನನ್ನ ಮಗನಿಗೆ ಈ ನಂಬರಿಗೆ ಫೋನ್ ಮಾಡಿ. ಹಿಂದುಗಡೆ ಅದೇ ಮಾತು ಕನ್ನಡದಲ್ಲಿ, ಅಮ್ಮನಿಗೆ ಯಾವ ಸಾಲು ಎಲ್ಲಿದೆ ಅಂತ ಗೊತ್ತಾಗಲಿ. ಇಮಿಗ್ರೇಷನ್‌ನಲ್ಲಿ ಅಧಿಕಾರಿ ಕೇಳುವುದು ಸಾಮಾನ್ಯವಾಗಿ ಯಾರ ಮನೆಗೆ, ಎಷ್ಟು ದಿನ, ಯಾತಕ್ಕೆ ಅಂತ. ಆ ಉತ್ತರಗಳೂ, ವಾಪಸ್ ಟಿಕೆಟ್‌ನ ಪ್ರತಿಯೂ ಒಂದೇ ಕವರಿನಲ್ಲಿರಲಿ. ಸೊಸೆಗೆ ಅಂತ ಹಸಿ ಕರಿಬೇವು, ಹಣ್ಣು ಕಟ್ಟಿ ಕಳಿಸಬೇಡಿ, ಅಲ್ಲಿ ಬಿಡುವುದಿಲ್ಲ.

ಪ್ರಶ್ನೆ: ಮಗನಿಗೆ ಫೋನ್ ಮಾಡಿದಾಗೆಲ್ಲ ಅಲ್ಲಿ ನಡುರಾತ್ರಿ. ಅಲ್ಲಿ ಎಷ್ಟು ಗಂಟೆ ಅಂತ ತಿಳಿಯಲು ಸುಲಭ ದಾರಿ ಇದೆಯಾ? (ಅಡಿಕೆ ಬೆಳೆಗಾರರು, ತೀರ್ಥಹಳ್ಳಿ)

ಇದೆ ಸರ್. ಗೋಡೆಯ ಗಡಿಯಾರ ನೋಡಿ. ಹಗಲನ್ನು ರಾತ್ರಿ ಮಾಡಿ, ರಾತ್ರಿಯನ್ನು ಹಗಲು ಮಾಡಿ. ಆಮೇಲೆ ಅಲ್ಲಿ ಬೇಸಿಗೆಯಾದರೆ ಅರ್ಧ ಗಂಟೆ, ಚಳಿಗಾಲವಾದರೆ ಒಂದೂವರೆ ಗಂಟೆ ಹಿಂದೆ ಬನ್ನಿ. ಈಗ ತೀರ್ಥಹಳ್ಳಿಯಲ್ಲಿ ಬೆಳಗ್ಗೆ ಎಂಟು, ಜನವರಿ ತಿಂಗಳು ಅಂದುಕೊಳ್ಳಿ. ರಾತ್ರಿ ಎಂಟು ಮಾಡಿ, ಒಂದೂವರೆ ಕಳೆಯಿರಿ. ಅಲ್ಲಿ ಹಿಂದಿನ ದಿನ ಸಂಜೆ ಆರೂವರೆ. ಮಗ ಆಫೀಸಿಂದ ಹೊರಟಿರುತ್ತಾನೆ ಇಲ್ಲವೇ ಮನೆ ತಲುಪಿರುತ್ತಾನೆ. ನೀವು ತೋಟಕ್ಕೆ ಹೋಗುವ ಮುಂಚೆ, ಕಾಫಿ ಕುಡಿಯುತ್ತಾ ಮಾಡಿ. ಆ ಹೊತ್ತಿಗೆ ಎತ್ತುತ್ತಾನೆ.